ಸೂಪಾಬೇಸ್, ಆ್ಯಪ್‌ರೈಟ್, ಪಾಕೆಟ್‌ಬೇಸ್: ಇಬ್ಬರೇ ಇರುವ ತಂಡ ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ನಾವಿಬ್ಬರು ಸೇರಿ ಫ್ಲಟರ್‌ನಲ್ಲಿ (ಗೂಗಲ್‌ನ ಆ್ಯಪ್ ಕಟ್ಟುವ ಸಾಧನ) ಕ್ರೀಡಾ ತಂಡಗಳಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಅಭ್ಯಾಸಕ್ಕೆ ಯಾರು ಬಂದರು, ಮುಂದಿನ ಪಂದ್ಯ ಯಾವಾಗ, ಯಾರು ಆಡುತ್ತಾರೆ, ಇಷ್ಟೇ. ಹಾಜರಿ ಹಾಕುವುದು ಕೋಚ್, ಮೈದಾನದಲ್ಲಿ ನಿಂತುಕೊಂಡು. ಮೊದಲ ಆವೃತ್ತಿಯನ್ನು ಗೂಗಲ್‌ನ ಫೈರ್‌ಬೇಸ್ ಸೇವೆಯ ಮೇಲೆ ಕಟ್ಟಿದೆವು. ಈಗ ಸುಮಾರು 50 ಜನ ಬಳಸುತ್ತಿದ್ದಾರೆ. ಇಷ್ಟಕ್ಕೇ ಕೆಲವು ದಿನ ಉಚಿತ ಮಿತಿ ದಾಟುತ್ತಿದೆ. ಓಪನ್ ಸೋರ್ಸ್ ಬ್ಯಾಕೆಂಡ್‌ಗೆ (ಆ್ಯಪ್‌ನ ಹಿಂದೆ ನಿಂತು ಡೇಟಾ, ಲಾಗಿನ್ ನೋಡಿಕೊಳ್ಳುವ ಭಾಗ) ಹೋಗೋಣ ಅಂದುಕೊಂಡಿದ್ದೇವೆ. ಸೂಪಾಬೇಸ್, ಆ್ಯಪ್‌ರೈಟ್, ಪಾಕೆಟ್‌ಬೇಸ್, ಪಾರ್ಸ್, ಇವುಗಳಲ್ಲಿ ಯಾವುದು ಒಳ್ಳೆಯದು? ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಖರ್ಚು ಉಳಿಯುತ್ತದಾ? ಸರ್ವರ್ ನೋಡಿಕೊಂಡ ಅನುಭವ ನಮ್ಮಿಬ್ಬರಿಗೂ ಇಲ್ಲ.

ಉತ್ತರ: ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಸೂಪಾಬೇಸ್ ಹಿಡಿಯುತ್ತಿದ್ದೆ, ಅದೂ ಅವರದೇ ಕ್ಲೌಡ್‌ನಲ್ಲಿ. ಸ್ವಂತ ಸರ್ವರ್‌ಗೆ ಸದ್ಯಕ್ಕೆ ಕೈ ಹಾಕುತ್ತಿರಲಿಲ್ಲ. ಆದರೆ ಇದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ನಿಮ್ಮ ಆ್ಯಪ್‌ನ ಒಂದೆರಡು ಸಂಗತಿ ಬೇರೆಯಾಗಿದ್ದರೆ ನಾನು ಆ್ಯಪ್‌ರೈಟ್ ಅನ್ನುತ್ತಿದ್ದೆ, ಇಲ್ಲವೇ ಪಾಕೆಟ್‌ಬೇಸ್ ಅನ್ನುತ್ತಿದ್ದೆ. ಆ ಸಂಗತಿಗಳು ಯಾವುವು ಅಂತ ನೋಡೋಣ.

ಅದಕ್ಕೂ ಮೊದಲು ಆ ಉಚಿತ ಮಿತಿ. 50 ಜನಕ್ಕೇ ಅದು ದಾಟಿದರೆ ತಪ್ಪು ಹೆಚ್ಚಾಗಿ ನಿಮ್ಮ ಒಂದು ಸ್ಕ್ರೀನ್‌ನಲ್ಲಿರುತ್ತದೆ. ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್ ಲೆಕ್ಕ ಹಾಕುವುದು ಡಾಕ್ಯುಮೆಂಟ್‌ಗಳನ್ನು, ಅಂದರೆ ಒಂದೊಂದು ದಾಖಲೆಯನ್ನು, ಎಷ್ಟು ಸಲ ಓದಿದಿರಿ ಅಂತ. ದಿನಕ್ಕೆ 50,000 ಓದು ಉಚಿತ. ಒಬ್ಬೊಬ್ಬ ಆಟಗಾರನ ಒಂದೊಂದು ದಿನದ ಹಾಜರಿಗೆ ಒಂದೊಂದು ಡಾಕ್ಯುಮೆಂಟ್ ಮಾಡಿದ್ದೀರಿ ಅಂತ ಇಟ್ಟುಕೊಳ್ಳಿ. 20 ಆಟಗಾರರು, 10 ಅಭ್ಯಾಸ, ಅಲ್ಲಿಗೆ ಹಾಜರಿ ಪಟ್ಟಿಯ ಸ್ಕ್ರೀನ್ ತೆರೆದರೆ 200 ಓದು. 50 ಜನ ದಿನಕ್ಕೆ ಆರು ಸಲ ತೆರೆದರೆ 60,000. ಮಿತಿ ಅಲ್ಲೇ ಮುಗಿಯಿತು. ಇನ್ನೊಂದು ವಿಷಯ: ಬದಲಾವಣೆಗೆ ಕಾದು ಕೂರುವ ಲಿಸನರ್‌ನ ಸಂಪರ್ಕ ತಪ್ಪಿ ಅರ್ಧ ಗಂಟೆ ಮೀರಿದರೆ, ಮತ್ತೆ ಬಂದಾಗ ಪೂರ್ತಿ 200 ಓದು ಹೊಸದಾಗಿ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ್ಯಪ್ ತೆರೆಯುವವರೆಲ್ಲ ಹೀಗೇ ಅಲ್ವಾ?

ಒಂದು ಅಭ್ಯಾಸದ ಇಡೀ ಹಾಜರಿಯನ್ನು ಒಂದೇ ಡಾಕ್ಯುಮೆಂಟ್‌ನಲ್ಲಿ ಇಡಿ. 200 ಓದು 10ಕ್ಕೆ ಇಳಿಯುತ್ತದೆ, ದಿನದ ಒಟ್ಟು 60,000 ಇದ್ದದ್ದು 3,000 ಆಗುತ್ತದೆ. ಒಂದು ಸಂಜೆಯ ಕೆಲಸ. ಖರ್ಚೊಂದೇ ನಿಮ್ಮ ತಲೆನೋವಾಗಿದ್ದರೆ ಇದನ್ನು ಮಾಡಿ, ಈ ಉತ್ತರದ ಉಳಿದ ಭಾಗ ಓದದೇ ಇದ್ದರೂ ನಡೆಯುತ್ತದೆ.

ಆದರೂ ನೀವು ಫೈರ್‌ಸ್ಟೋರ್ ಬಿಡುವುದು ಒಳ್ಳೆಯದು ಅಂತ ನನಗನ್ನಿಸಲು ಬೇರೆ ಕಾರಣ ಇದೆ. ಇವತ್ತಲ್ಲ ನಾಳೆ ಒಬ್ಬ ಕೋಚ್ ಕೇಳುತ್ತಾರೆ: ಕಳೆದ ಎರಡು ತಿಂಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಭ್ಯಾಸಕ್ಕೆ ಬಂದವರು ಯಾರು, ಅವರಲ್ಲಿ ಹೋದ ಪಂದ್ಯ ಆಡದೇ ಇದ್ದವರು ಯಾರು? ಇದಕ್ಕೆ ಆಟಗಾರರು, ಅಭ್ಯಾಸ, ಹಾಜರಿ, ಪಂದ್ಯ, ನಾಲ್ಕೂ ಕಡೆಯ ಮಾಹಿತಿಯನ್ನು ಜೋಡಿಸಬೇಕು. ಫೈರ್‌ಸ್ಟೋರ್‌ನ ಮಾಮೂಲಿ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹಾಗೆ ಜೋಡಿಸುವ ಜಾಯಿನ್ ಇಲ್ಲ. ಎಲ್ಲವನ್ನೂ ಫೋನಿಗೆ ಎಳೆದು ಲೆಕ್ಕ ಹಾಕಬೇಕು, ಇಲ್ಲವೇ ಪ್ರತಿ ಸಲ ಹಾಜರಿ ಹಾಕಿದಾಗಲೂ ಬೇರೆ ಬೇರೆ ಕಡೆ ಎಣಿಕೆ ತಿದ್ದುತ್ತಾ ಕೂರಬೇಕು. ಟೇಬಲ್‌ಗಳನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್; ಅದಿರುವ ಮಾಮೂಲಿ ಡೇಟಾಬೇಸ್‌ನಲ್ಲಿ ಇದು ಹತ್ತು ಸಾಲಿನ ಒಂದು ಕ್ವೆರಿ.

ಹಾಗಾಗಿ ಬ್ಯಾಕೆಂಡ್ ಆಯ್ಕೆ ಮಾಡುವಾಗ ಲಾಗಿನ್ ಇದೆಯಾ, ಫೈಲ್ ಇಡಬಹುದಾ, ಬದಲಾವಣೆ ತಕ್ಷಣ ತಲುಪುವ ರಿಯಲ್‌ಟೈಮ್ ಇದೆಯಾ ಅಂತ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುವುದರಿಂದ ಏನೂ ಗೊತ್ತಾಗುವುದಿಲ್ಲ. ನೀವು ಹೇಳಿದ ನಾಲ್ಕರಲ್ಲೂ ಅವೆಲ್ಲ ಇವೆ. ನಾನು ನೋಡುವುದು ಎರಡೇ. ತಳದಲ್ಲಿ ಯಾವ ಡೇಟಾಬೇಸ್ ಇದೆ? ನಾಳೆ ಬಿಟ್ಟು ಹೋಗಬೇಕಾದರೆ ಡೇಟಾ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ?

ಎರಡನೆಯದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪಾರ್ಸ್ ಕಥೆ ನೆನಪಿದೆ. 2011ರಲ್ಲಿ ಶುರುವಾದ ಸೇವೆ ಅದು. 2013ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. ಆ ಕಾಲಕ್ಕೆ ಮೊಬೈಲ್ ಆ್ಯಪ್ ಮಾಡುವವರ ಬಾಯಲ್ಲೆಲ್ಲ ಅದರದ್ದೇ ಹೆಸರು. 2016ರ ಜನವರಿಯಲ್ಲಿ ಮುಚ್ಚುತ್ತೇವೆ ಅಂತ ಪ್ರಕಟಿಸಿದರು, 2017ರ ಜನವರಿ ಕೊನೆಗೆ ಮುಚ್ಚಿಯೇ ಬಿಟ್ಟರು. ಒಂದು ಒಳ್ಳೆಯ ಕೆಲಸ ಮಾಡಿದ್ದರು: ಮುಚ್ಚುವ ಸುದ್ದಿಯ ಜೊತೆಗೇ ಪಾರ್ಸ್ ಸರ್ವರ್ ಅಂತ ಓಪನ್ ಸೋರ್ಸ್ ಆವೃತ್ತಿ ಕೊಟ್ಟರು, ಡೇಟಾ ಸಾಗಿಸಲು ಒಂದು ವರ್ಷ ಸಮಯವನ್ನೂ ಕೊಟ್ಟರು. ಎಷ್ಟೋ ಆ್ಯಪ್‌ಗಳು ಬದುಕಿಕೊಂಡಿದ್ದು ಅದರಿಂದ.

ಪಾರ್ಸ್ ಸರ್ವರ್ ಇವತ್ತಿಗೂ ನಡೆಯುತ್ತಿದೆ. ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಮೇಲೆ ಓಡುತ್ತದೆ, ತಳದಲ್ಲಿ ಮಾಂಗೋಡಿಬಿ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಳ್ಳಬಹುದು. ಈಗಾಗಲೇ ಅದರ ಮೇಲೆ ಆ್ಯಪ್ ಇರುವವರು ಬಿಡಬೇಕಾಗಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ. ಸರ್ವರ್ ನೀವೇ ಕಟ್ಟಿ ನೀವೇ ನೋಡಿಕೊಳ್ಳಬೇಕು, ಅಷ್ಟು ಕಷ್ಟಕ್ಕೆ ಈಗ ಬೇರೆ ಸುಲಭದ ದಾರಿಗಳಿವೆ.

ಇನ್ನು ಸೂಪಾಬೇಸ್. 2020ರಲ್ಲಿ ಶುರುವಾಯಿತು. ಇದು ಒಂದೇ ಸಾಫ್ಟ್‌ವೇರ್ ಅಂತ ತಿಳಿದುಕೊಳ್ಳಬೇಡಿ. ನಡುವೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಸುತ್ತ ಬೇರೆ ಬೇರೆ ಓಪನ್ ಸೋರ್ಸ್ ತುಣುಕುಗಳು. ಪೋಸ್ಟ್‌ಗ್ರೆಸ್ಟ್ ಅನ್ನುವುದು ನಿಮ್ಮ ಟೇಬಲ್‌ಗಳನ್ನು ನೋಡಿ ತಾನೇ ಎಪಿಐ, ಅಂದರೆ ಆ್ಯಪ್ ಡೇಟಾ ಕೇಳುವ ದಾರಿ, ಮಾಡಿಕೊಡುತ್ತದೆ. ಲಾಗಿನ್‌ಗೆ ಒಂದು, ಫೈಲ್‌ಗೆ ಒಂದು, ಬದಲಾವಣೆಗಳನ್ನು ತಕ್ಷಣ ಫೋನಿಗೆ ತಲುಪಿಸಲು ಇನ್ನೊಂದು. ಪೋಸ್ಟ್‌ಗ್ರೆಸ್‌ನ ಬೇರು 1986ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ವಿಶ್ವವಿದ್ಯಾಲಯದ ಯೋಜನೆಯಲ್ಲಿದೆ. ಸೂಪಾಬೇಸ್ ಕಂಪನಿ ನಾಳೆ ಇರಲಿ ಬಿಡಲಿ, ಪೋಸ್ಟ್‌ಗ್ರೆಸ್ ಇರುತ್ತದೆ. ನೀವು ಮಾಡಿದ ಟೇಬಲ್‌ಗಳು ನಿಜವಾದ ಟೇಬಲ್‌ಗಳೇ. ಒಂದು ಡಂಪ್ (ಇಡೀ ಡೇಟಾಬೇಸ್‌ನ ನಕಲು) ತೆಗೆದರೆ ಬೇರೆ ಯಾವ ಪೋಸ್ಟ್‌ಗ್ರೆಸ್ ಸರ್ವರ್‌ಗೆ ಬೇಕಾದರೂ ಹಾಕಿಕೊಳ್ಳಬಹುದು. ಒಂದು ಎಚ್ಚರ: ಆಟಗಾರರ ಫೋಟೋದಂಥ ಫೈಲ್‌ಗಳು ಆ ಡಂಪ್‌ನಲ್ಲಿ ಬರುವುದಿಲ್ಲ. ಬರುವುದು ಫೈಲ್‌ಗಳ ಹೆಸರು, ವಿವರ ಮಾತ್ರ. ಫೈಲ್‌ಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು.

ಸೂಪಾಬೇಸ್ ಕಷ್ಟ ಕೊಡುವುದು ಒಂದು ಕಡೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದರೆ ಹೊಸಬರು ಎಡವುವುದು ಅಲ್ಲೇ.

ಮಾಮೂಲಿ ವ್ಯವಸ್ಥೆಯಲ್ಲಿ ಆ್ಯಪ್‌ಗೂ ಡೇಟಾಬೇಸ್‌ಗೂ ನಡುವೆ ನಿಮ್ಮದೇ ಸರ್ವರ್ ಕೋಡ್ ಇರುತ್ತದೆ. ಯಾರು ಏನು ನೋಡಬಹುದು ಅಂತ ಅದು ತಡೆಯುತ್ತದೆ. ಸೂಪಾಬೇಸ್‌ನಲ್ಲಿ ಫೋನು ಹೆಚ್ಚುಕಡಿಮೆ ನೇರವಾಗಿ ಡೇಟಾಬೇಸ್ ಜೊತೆ ಮಾತಾಡುತ್ತದೆ. ಆ್ಯಪ್‌ನೊಳಗೆ ಇಟ್ಟ ಸಾರ್ವಜನಿಕ ಕೀಯನ್ನು ಯಾರು ಬೇಕಾದರೂ ಹೊರತೆಗೆಯಬಹುದು, ಅದರಲ್ಲಿ ಗುಟ್ಟೇನೂ ಇಲ್ಲ. ಕಾವಲು ಇರುವುದು ಡೇಟಾಬೇಸ್‌ನೊಳಗೇ, ಪ್ರತಿ ಟೇಬಲ್‌ಗೆ ನೀವು ಬರೆಯುವ ರೋ ಲೆವೆಲ್ ಸೆಕ್ಯೂರಿಟಿ ಪಾಲಿಸಿಗಳಲ್ಲಿ, ಅಂದರೆ ಯಾರು ಯಾವ ಸಾಲು ನೋಡಬಹುದು ಅನ್ನುವ ನಿಯಮಗಳಲ್ಲಿ. ಡ್ಯಾಶ್‌ಬೋರ್ಡ್‌ನ ಟೇಬಲ್ ಎಡಿಟರ್‌ನಲ್ಲಿ ಟೇಬಲ್ ಮಾಡಿದರೆ ಇದು ತಾನಾಗಿ ಆನ್ ಆಗಿರುತ್ತದೆ. ನೀವೇ ಎಸ್‌ಕ್ಯೂಎಲ್ ಬರೆದು ಟೇಬಲ್ ಮಾಡಿದರೆ, ಆನ್ ಮಾಡುವುದನ್ನು ನೆನಪಿಟ್ಟುಕೊಳ್ಳಬೇಕಾದವರು ನೀವು. ಪೋಸ್ಟ್‌ಗ್ರೆಸ್‌ನಲ್ಲಿ ಅದು ಮೊದಲಿಗೆ ಆಫ್. ಮರೆತರೆ ಇಡೀ ಟೇಬಲ್ ಬೀದಿಯಲ್ಲಿ ಇಟ್ಟ ಹಾಗೆ. ಎಐ ಬರೆದುಕೊಟ್ಟ ಆ್ಯಪ್‌ಗಳಲ್ಲಿ ಈ ಪಾಲಿಸಿಗಳೇ ಇಲ್ಲದೆ ಬಳಕೆದಾರರ ಮಾಹಿತಿ ಬಯಲಾದದ್ದು 2025ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಆನ್ ಮಾಡಿ ಪಾಲಿಸಿ ಬರೆಯದೇ ಇದ್ದರೆ ಇನ್ನೊಂದು ತಮಾಷೆ. ಎರರ್ ಬರುವುದಿಲ್ಲ. ಖಾಲಿ ಪಟ್ಟಿ ಬರುತ್ತದೆ. ಡೇಟಾ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಅರ್ಧ ದಿನ ಕಳೆದವರು ತುಂಬಾ ಜನ.

ನಿಮ್ಮ ಆ್ಯಪ್‌ನಲ್ಲೇ ಒಂದು ಬಲೆ ಕಾದು ಕೂತಿದೆ. ನಿಮಗೆ ಸದಸ್ಯರು ಅಂತ ಒಂದು ಟೇಬಲ್ ಇರುತ್ತದೆ: ಯಾವ ವ್ಯಕ್ತಿ, ಯಾವ ತಂಡ, ಕೋಚಾ ಆಟಗಾರನಾ. 'ನನ್ನ ತಂಡದ ಸದಸ್ಯರನ್ನು ಮಾತ್ರ ನಾನು ನೋಡಬಹುದು' ಅಂತ ಪಾಲಿಸಿ ಬರೆಯಲು ಹೋಗುತ್ತೀರಿ. ನನ್ನ ತಂಡ ಯಾವುದು ಅಂತ ತಿಳಿಯಲು ಪಾಲಿಸಿ ಅದೇ ಸದಸ್ಯರ ಟೇಬಲ್ ನೋಡಬೇಕು. ಅದನ್ನು ನೋಡಲು ಮತ್ತೆ ಅದೇ ಪಾಲಿಸಿ ದಾಟಬೇಕು. ಬಾವಿಗೆ ಬಿದ್ದ ಹಗ್ಗ ತೆಗೆಯಲು ಅದೇ ಹಗ್ಗ ಹಿಡಿದು ಇಳಿಯಬೇಕು ಅಂದ ಹಾಗೆ. ಪೋಸ್ಟ್‌ಗ್ರೆಸ್ 'ಇನ್‌ಫಿನಿಟ್ ರಿಕರ್ಶನ್' (ಮುಗಿಯದ ಸುತ್ತು) ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಪರಿಹಾರ ಇದೆ. ಲಾಗಿನ್ ಆದವರ ತಂಡಗಳ ಪಟ್ಟಿ ಕೊಡುವ ಒಂದು ಸಣ್ಣ ಫಂಕ್ಷನ್ ಬರೆದು, ಅದನ್ನು ಸೆಕ್ಯೂರಿಟಿ ಡಿಫೈನರ್ ಅಂತ ಗುರುತಿಸಿ. ಆಗ ಅದು ಕರೆದವರ ಬದಲು ಬರೆದವರ ಅಧಿಕಾರದಲ್ಲಿ ಓಡುತ್ತದೆ, ಪಾಲಿಸಿಯ ಸುಳಿಗೆ ಸಿಕ್ಕುವುದಿಲ್ಲ. ಪಾಲಿಸಿಯಲ್ಲಿ ಆ ಫಂಕ್ಷನ್ ಕರೆದರೆ ಆಯಿತು. ಹಾಜರಿ, ಪಂದ್ಯ, ಎಲ್ಲಾ ಟೇಬಲ್‌ಗಳಿಗೂ ಅದೇ ಫಂಕ್ಷನ್ ಸಾಕು. ಪಾಲಿಸಿಯಲ್ಲಿ ಬಳಸುವ ತಂಡದ ಐಡಿ ಕಾಲಮ್‌ಗೆ ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಹಾಕುವುದನ್ನು ಮರೆಯಬೇಡಿ. ಟೇಬಲ್ ಬೆಳೆದ ಮೇಲೆ ನಿಧಾನ ಆಯಿತು ಅಂತ ಗೋಳಾಡುವುದು ತಪ್ಪುತ್ತದೆ.

ಇದೆಲ್ಲ ಕಷ್ಟ ಅನ್ನಿಸಿದರೆ ಆ್ಯಪ್‌ರೈಟ್ ಕಡೆ ನೋಡಿ. ಪ್ರಾಮಾಣಿಕವಾಗಿ ಹೇಳುತ್ತೇನೆ, ಈ ಒಂದು ವಿಷಯದಲ್ಲಿ ನಿಮ್ಮ ಆ್ಯಪ್‌ಗೆ ಅದು ಹೇಳಿ ಮಾಡಿಸಿದ ಹಾಗಿದೆ. ಆ್ಯಪ್‌ರೈಟ್‌ನಲ್ಲಿ 'ತಂಡ' ಅನ್ನುವುದು ಮೊದಲೇ ಇದೆ. ತಂಡ ಮಾಡಿ, ಇಮೇಲ್‌ನಲ್ಲಿ ಆಹ್ವಾನ ಕಳಿಸಿ, ಕೋಚ್ ಅಂತ ಒಂದು ರೋಲ್ ಕೊಡಿ. ಹಾಜರಿ ದಾಖಲೆ ಉಳಿಸುವಾಗ 'ಈ ತಂಡದವರು ಓದಬಹುದು, ಈ ತಂಡದ ಕೋಚ್ ತಿದ್ದಬಹುದು' ಅಂತ ಹೇಳಿದರೆ ಮುಗಿಯಿತು. ಎಸ್‌ಕ್ಯೂಎಲ್ ಬೇಡ, ರಿಕರ್ಶನ್ ಇಲ್ಲ. ಆ್ಯಪ್‌ರೈಟ್ 2019ರಿಂದ ಇದೆ, 1.0 ಆವೃತ್ತಿ ಬಂದದ್ದು 2022ರಲ್ಲಿ. ಫ್ಲಟರ್‌ಗೆ ಅದರ ಎಸ್‌ಡಿಕೆ (ಸಿದ್ಧ ಕೋಡ್) ಚೆನ್ನಾಗಿದೆ. ಸರ್ವರ್‌ನಲ್ಲಿ ಓಡುವ ಫಂಕ್ಷನ್‌ಗಳನ್ನು ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲೇ ಬರೆಯಬಹುದು, ಅಂದರೆ ನಿಮಗೆ ಇನ್ನೊಂದು ಭಾಷೆ ಕಲಿಯುವ ಕೆಲಸ ಇಲ್ಲ. ಫೈರ್‌ಬೇಸ್‌ನಿಂದ ಡೇಟಾ ಎತ್ತಿಕೊಂಡು ಬರಲು ಮೈಗ್ರೇಶನ್ ಸೌಲಭ್ಯವೂ ಇದೆ.

ಮತ್ತೆ ಯಾಕೆ ಸೂಪಾಬೇಸ್ ಅಂದೆ? ಆ ಕೋಚ್‌ನ ಪ್ರಶ್ನೆಗಾಗಿ. ಆ್ಯಪ್‌ರೈಟ್ ಒಳಗೆ ಮಾರಿಯಾಡಿಬಿಯಂಥ ಡೇಟಾಬೇಸ್ ಇದ್ದರೂ ಅದರ ಎಸ್‌ಕ್ಯೂಎಲ್ ನಿಮ್ಮ ಕೈಗೆ ಸಿಗುವುದಿಲ್ಲ. ಎಪಿಐ ಕೊಟ್ಟಷ್ಟೇ ಕ್ವೆರಿ. ಆಟಗಾರರ ಪ್ರಕಾರ ಗುಂಪು ಮಾಡಿ ಎಣಿಸಿ, ಎರಡು ಕಡೆಯದನ್ನು ಜೋಡಿಸಿ, ಮುಕ್ಕಾಲು ಪಾಲು ದಾಟಿದವರನ್ನು ತೆಗೆಯಬೇಕು ಅಂದರೆ ಫಂಕ್ಷನ್ ಬರೆದು ಎಲ್ಲಾ ದಾಖಲೆ ಎಳೆದು ಲೆಕ್ಕ ಹಾಕಬೇಕು. ಫೈರ್‌ಸ್ಟೋರ್‌ನಲ್ಲಿದ್ದ ಕಷ್ಟವನ್ನೇ ಇಲ್ಲೂ ಹೊತ್ತುಕೊಂಡು ಬಂದ ಹಾಗೆ. ಬಿಟ್ಟು ಹೋಗುವಾಗಲೂ ಅಷ್ಟೆ. ಮಾರಿಯಾಡಿಬಿ ಡಂಪ್ ತೆಗೆದರೆ ಸಿಗುವುದು ಆ್ಯಪ್‌ರೈಟ್ ತನಗಾಗಿ ಮಾಡಿಕೊಂಡ ಟೇಬಲ್‌ಗಳು, ನಿಮ್ಮ ಕಣ್ಣಿಗೆ ಹಿಡಿಸುವಂಥವಲ್ಲ. ಎಪಿಐ ಮೂಲಕ ತೆಗೆಯುವುದು ಒಂದು ದಾರಿ. ವರದಿ ಗಿರದಿ ಏನೂ ಬೇಡ, ಚಾಟ್ ಅಥವಾ ಟಿಪ್ಪಣಿ ಥರದ ಆ್ಯಪ್ ಅಂದಿದ್ದರೆ ನಾನು ಕಣ್ಣು ಮುಚ್ಚಿ ಆ್ಯಪ್‌ರೈಟ್ ಅನ್ನುತ್ತಿದ್ದೆ.

ಪಾಕೆಟ್‌ಬೇಸ್ ಮೇಲೆ ನನಗೆ ವೈಯಕ್ತಿಕವಾಗಿ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. 2022ರಲ್ಲಿ ಬಂದದ್ದು. ಮುಖ್ಯವಾಗಿ ಒಬ್ಬರೇ ಡೆವಲಪರ್ ಗೋ ಭಾಷೆಯಲ್ಲಿ ಬರೆದು ನೋಡಿಕೊಳ್ಳುತ್ತಿದ್ದಾರೆ. ಇಡೀ ಬ್ಯಾಕೆಂಡ್ ಒಂದೇ ಫೈಲ್. ಇಳಿಸಿಕೊಂಡು, 'ಸರ್ವ್' ಅಂತ ಒಂದು ಆಜ್ಞೆ ಕೊಟ್ಟರೆ ಲಾಗಿನ್, ಡೇಟಾಬೇಸ್, ಫೈಲ್, ರಿಯಲ್‌ಟೈಮ್, ಅಡ್ಮಿನ್ ಪುಟ, ಎಲ್ಲಾ ಎದ್ದು ನಿಲ್ಲುತ್ತದೆ. ಸಾಫ್ಟ್‌ವೇರ್‌ಗಳನ್ನು ಕಂಟೈನರ್ ಅನ್ನುವ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬೇಡ. ತಳದಲ್ಲಿ ಎಸ್‌ಕ್ಯೂಎಲೈಟ್, ಅಂದರೆ ನಿಮ್ಮ ಪ್ರತಿ ಫೋನಿನೊಳಗೂ ಇರುವ ಅದೇ ಡೇಟಾಬೇಸ್. ಹಾಗಾಗಿ ಜಾಯಿನ್, ಗುಂಪು, ಎಣಿಕೆ ಎಲ್ಲಾ ಸಿಗುತ್ತದೆ, ಕ್ವೆರಿಯನ್ನೇ ಒಂದು ವ್ಯೂ ಕಲೆಕ್ಷನ್ ಮಾಡಿ ಎಪಿಐಗೆ ಕೊಡಬಹುದು. ಬಿಟ್ಟು ಹೋಗುವುದು ಇನ್ನೂ ಸುಲಭ, ಡೇಟಾಬೇಸ್ ಅಂದರೆ ಒಂದು ಫೈಲ್.

'ಎಸ್‌ಕ್ಯೂಎಲೈಟ್ ಅಂದರೆ ಆಟಿಕೆ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು ಅನ್ನುವುದು ನಿಜ. ಆದರೆ ವಾಲ್ ಮೋಡ್ (WAL) ಅನ್ನುವ ಬರೆಯುವ ವಿಧಾನದಲ್ಲಿ ಒಬ್ಬರು ಬರೆಯುವಾಗ ಉಳಿದವರೆಲ್ಲ ಓದುತ್ತಿರಬಹುದು, ಪಾಕೆಟ್‌ಬೇಸ್ ಬಳಸುವುದು ಅದನ್ನೇ. ಹಾಜರಿ ಹಾಕುವ ಬರಹ ಮಿಲಿಸೆಕೆಂಡುಗಳ ಕೆಲಸ. 50 ಜನ ಏನು, ಅದರ ಎಷ್ಟೋ ಪಟ್ಟು ಆದರೂ ನಿಮಗೆ ಕ್ಯೂ ಕಾಣುವುದಿಲ್ಲ. ಮಿತಿ ಬೇರೆ ಕಡೆ ಇದೆ. ಒಂದು ಸರ್ವರ್ ಸಾಲದಾದರೆ ಎರಡನೆಯದನ್ನು ಪಕ್ಕಕ್ಕೆ ಜೋಡಿಸಲು ಆಗುವುದಿಲ್ಲ, ಇರುವುದನ್ನೇ ದೊಡ್ಡದು ಮಾಡಬೇಕು.

ಇದರಲ್ಲಿ ಎರಡು ಎಚ್ಚರ. ಒಂದು, ಅದರ ನಿಯಮಗಳು. ಪ್ರತಿ ಕಲೆಕ್ಷನ್‌ಗೂ ಯಾರು ನೋಡಬಹುದು, ತಿದ್ದಬಹುದು ಅಂತ ಒಂದೊಂದು ಸಾಲಿನ ನಿಯಮ ಬರೆಯಬೇಕು. ನಿಯಮಕ್ಕೆ ಬೀಗ ಹಾಕಿ ಬಿಟ್ಟರೆ ಅಡ್ಮಿನ್ ಬಿಟ್ಟು ಯಾರಿಗೂ ಪ್ರವೇಶ ಇಲ್ಲ. ಬೀಗ ತೆಗೆದು ಏನೂ ಬರೆಯದೆ ಖಾಲಿ ಬಿಟ್ಟರೆ? ಯಾರು ಬೇಕಾದರೂ ಬರಬಹುದು, ಲಾಗಿನ್ ಕೂಡ ಬೇಡ. ಖಾಲಿ ಅಂದರೆ ಯಾರಿಗೂ ಇಲ್ಲ ಅಂತ ತಿಳಿದು ಬಿಟ್ಟವರಿದ್ದಾರೆ. ಎರಡು, ಅದಿನ್ನೂ 1.0 ಮುಟ್ಟದ ಸಾಫ್ಟ್‌ವೇರ್ ಅಂತಲೇ ಹೇಳಿಕೊಂಡು ಬಂದಿದೆ, ಅಲ್ಲಿಯವರೆಗೆ ಹಳೆಯ ಆವೃತ್ತಿಯ ಜೊತೆ ಹೊಂದಿಕೆಯ ಖಾತ್ರಿ ಕೊಟ್ಟಿಲ್ಲ. 2024ರ ಕೊನೆಯಲ್ಲಿ ಬಂದ 0.23 ಆವೃತ್ತಿಯಲ್ಲಿ ಒಳಗಿನದು ಎಷ್ಟು ಬದಲಾಯಿತು ಅಂದರೆ, ಸರ್ವರ್ ಕೋಡ್ ಬರೆದುಕೊಂಡಿದ್ದವರು ಕೂತು ತಿದ್ದಬೇಕಾಯಿತು.

ಅಂದ ಹಾಗೆ, ಎಸ್‌ಕ್ಯೂಎಲೈಟ್ ಬ್ಯಾಕಪ್ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಡೇಟಾಬೇಸ್ ಒಂದೇ ಫೈಲ್ ತಾನೇ ಅಂತ, ರಾತ್ರಿ ಹೊತ್ತು ಆ ಫೈಲನ್ನು ಕಾಪಿ ಮಾಡುವ ಒಂದು ಸ್ಕ್ರಿಪ್ಟ್ ಹಾಕಿ ನೆಮ್ಮದಿಯಿಂದಿದ್ದೆ. ಒಂದು ದಿನ ರಿಸ್ಟೋರ್ ಮಾಡಿ ನೋಡಿದರೆ ಕೊನೆಯ ಕೆಲವು ಗಂಟೆಗಳ ದಾಖಲೆ ಇಲ್ಲ. ವಾಲ್ ಮೋಡ್‌ನಲ್ಲಿ ಹೊಸ ಬರಹಗಳು ಮೊದಲು ಪಕ್ಕದ ಇನ್ನೊಂದು ಫೈಲ್‌ಗೆ ಹೋಗುತ್ತವೆ, ಆಮೇಲೆ ಮುಖ್ಯ ಫೈಲ್‌ಗೆ ಸೇರುತ್ತವೆ. ನಾನು ಆ ಪಕ್ಕದ ಫೈಲನ್ನು ಬಿಟ್ಟು ಕಾಪಿ ಮಾಡುತ್ತಿದ್ದೆ. ಅದೃಷ್ಟಕ್ಕೆ ಅದು ಪರೀಕ್ಷೆಗೆ ಮಾಡಿದ ರಿಸ್ಟೋರ್, ನಿಜವಾದ ಅವಘಡ ಆಗಿರಲಿಲ್ಲ. ಪಾಕೆಟ್‌ಬೇಸ್‌ನಲ್ಲೇ ಬ್ಯಾಕಪ್ ಸೌಲಭ್ಯ ಇದೆ, ಡೇಟಾ ಫೋಲ್ಡರ್ ಪೂರ್ತಿ ಜಿಪ್ ಮಾಡಿ ಕೊಡುತ್ತದೆ. ಅದನ್ನೇ ಬಳಸಿ, ನನ್ನ ಹಾಗೆ ಜಾಣತನ ತೋರಿಸಬೇಡಿ.

ಈಗ ನಿಮ್ಮ ಸ್ವಂತ ಸರ್ವರ್ ಪ್ರಶ್ನೆ. ಪಾಕೆಟ್‌ಬೇಸ್ ಆದರೆ ಒಂದು ಸಣ್ಣ ಸರ್ವರ್ ಸಾಕು, ಇಬ್ಬರೂ ಒಂದು ವಾರದಲ್ಲಿ ಕಲಿಯುತ್ತೀರಿ. ಸೂಪಾಬೇಸ್ ಮತ್ತು ಆ್ಯಪ್‌ರೈಟ್ ಕಥೆ ಬೇರೆ. ಸೂಪಾಬೇಸ್ ಸ್ವಂತವಾಗಿ ಹಾಕಿದರೆ ಹತ್ತಕ್ಕೂ ಹೆಚ್ಚು ಕಂಟೈನರ್‌ಗಳು ಒಟ್ಟಿಗೆ ಓಡುತ್ತವೆ. ಒಂದು ಬಿದ್ದರೆ ಯಾವುದು ಬಿತ್ತು ಅಂತ ಲಾಗ್ ಹುಡುಕಬೇಕು. ಅದರ ಜೊತೆ ಬರುವ ಮಾದರಿ ಸೆಟ್ಟಿಂಗ್ ಫೈಲ್‌ನಲ್ಲಿ ಡ್ಯಾಶ್‌ಬೋರ್ಡ್‌ನ ಪಾಸ್‌ವರ್ಡ್ ಏನಿರುತ್ತದೆ ಗೊತ್ತಾ? 'ಈ ಪಾಸ್‌ವರ್ಡ್ ಸುರಕ್ಷಿತ ಅಲ್ಲ, ಬದಲಾಯಿಸಬೇಕು' ಅನ್ನುವ ಅರ್ಥದ ವಾಕ್ಯವೇ ಪಾಸ್‌ವರ್ಡ್. ಇಷ್ಟು ಬಾಯಿಬಿಟ್ಟು ಹೇಳಿದರೂ ಹಾಗೇ ಬಿಡುವವರಿದ್ದಾರೆ. ಅದರ ಜೊತೆಗೆ ಡೇಟಾಬೇಸ್ ಪಾಸ್‌ವರ್ಡ್, ಟೋಕನ್‌ಗೆ ಸಹಿ ಹಾಕುವ ಗುಟ್ಟಿನ ಕೀ, ಅದರಿಂದ ಹುಟ್ಟುವ ಎರಡು ಎಪಿಐ ಕೀ, ಎಲ್ಲವನ್ನೂ ಬದಲಾಯಿಸಬೇಕು. ಆ್ಯಪ್‌ರೈಟ್‌ನಲ್ಲಿ ಒಂದು ಎನ್‌ಕ್ರಿಪ್ಶನ್ ಕೀ ಇದೆ. ಅದನ್ನು ಬದಲಾಯಿಸದೇ ಬಿಡುವುದು ಒಂದು ತಪ್ಪು, ಬದಲಾಯಿಸಿ ಬರೆದಿಟ್ಟುಕೊಳ್ಳದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು. ಕೀ ಕಳೆದರೆ ಅದರಿಂದ ಮುಚ್ಚಿಟ್ಟ ಡೇಟಾ ನಿಮಗೂ ಓದಲು ಆಗುವುದಿಲ್ಲ.

ಇಷ್ಟಾದ ಮೇಲೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್, ಇಮೇಲ್ ಕಳಿಸುವ ಎಸ್‌ಎಂಟಿಪಿ, ತುಂಬುವ ಡಿಸ್ಕ್, ಹೊಸ ಆವೃತ್ತಿ ಬಂದಾಗ ಅಪ್‌ಗ್ರೇಡ್, ಬ್ಯಾಕಪ್. ಪಂದ್ಯದ ದಿನ ಬೆಳಿಗ್ಗೆ ಆರು ಗಂಟೆಗೆ ಆ್ಯಪ್ ನಿಂತರೆ ಎದ್ದು ನೋಡುವವರು ನಿಮ್ಮಿಬ್ಬರಲ್ಲಿ ಯಾರು? ಸರ್ವರ್ ಬಾಡಿಗೆ ಉಳಿದೀತು, ಆದರೆ ಆ ಗಂಟೆಗಳ ಲೆಕ್ಕ ಯಾರೂ ಇಡುವುದಿಲ್ಲ. ಹಾಗಂತ ಕ್ಲೌಡ್‌ನ ಉಚಿತ ಯೋಜನೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸೂಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಯಾರೂ ಬಳಸದಿದ್ದರೆ ನಿಂತುಬಿಡುತ್ತದೆ, ನೀವೇ ಹೋಗಿ ಎಬ್ಬಿಸಬೇಕು. ದಿನದ ಬ್ಯಾಕಪ್ ಅದರಲ್ಲಿ ಇಲ್ಲ. ಪರೀಕ್ಷೆಗೆ ಬರುವ ಅವರ ಇಮೇಲ್ ವ್ಯವಸ್ಥೆಯಲ್ಲಿ ಗಂಟೆಗೆ ಬೆರಳೆಣಿಕೆಯಷ್ಟು ಮೇಲ್ ಮಾತ್ರ ಹೋಗುತ್ತದೆ. ಒಂದು ತಂಡದ 20 ಜನ ಒಟ್ಟಿಗೆ ನೋಂದಾಯಿಸಲು ಕೂತರೆ ಅಲ್ಲೇ ನಿಂತಿತು. ಬೇರೆ ಎಸ್‌ಎಂಟಿಪಿ ಸೇವೆಯನ್ನು ಮೊದಲ ದಿನವೇ ಜೋಡಿಸಿ.

ನೀವು ಕೇಳದೇ ಇದ್ದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ. ಕೋಚ್ ಹಾಜರಿ ಹಾಕುವುದು ಮೈದಾನದಲ್ಲಿ ಅಂದಿರಿ. ಅಲ್ಲಿ ಸಿಗ್ನಲ್ ಇರುತ್ತದಾ? ಫೈರ್‌ಸ್ಟೋರ್‌ನಲ್ಲಿ ನಿಮಗೆ ಗೊತ್ತಿಲ್ಲದೆಯೇ ಒಂದು ಉಪಕಾರ ಆಗುತ್ತಿದೆ. ನೆಟ್ ಇಲ್ಲದಿದ್ದರೆ ಬರಹವನ್ನು ಫೋನಿನಲ್ಲೇ ಹಿಡಿದಿಟ್ಟುಕೊಂಡು, ಸಿಗ್ನಲ್ ಬಂದ ಮೇಲೆ ತಾನೇ ಕಳಿಸುತ್ತದೆ. ಆ್ಯಂಡ್ರಾಯ್ಡ್, ಐಫೋನ್ ಎರಡರಲ್ಲೂ ಅದು ಮೊದಲಿನಿಂದಲೇ ಆನ್. ಸೂಪಾಬೇಸ್ ಆಗಲಿ ಪಾಕೆಟ್‌ಬೇಸ್ ಆಗಲಿ ಇದನ್ನು ತಾವಾಗಿ ಮಾಡಿಕೊಡುವುದಿಲ್ಲ. ಸ್ಥಳಾಂತರ ಮಾಡಿದ ಮೊದಲ ವಾರವೇ 'ಹಾಜರಿ ಹಾಕಿದ್ದೆ, ಹೋಗಿಬಿಟ್ಟಿದೆ' ಅಂತ ಕೋಚ್ ಫೋನ್ ಮಾಡುತ್ತಾರೆ.

ದೊಡ್ಡ ಸಿಂಕ್ ವ್ಯವಸ್ಥೆಗಳಿವೆ, ಪವರ್‌ಸಿಂಕ್ ಥರದವು. ನಿಮ್ಮ ಅಳತೆಗೆ ಅಷ್ಟು ಬೇಡ. ಫೋನಿನಲ್ಲಿ ಒಂದು ಸಣ್ಣ ಎಸ್‌ಕ್ಯೂಎಲೈಟ್ ಟೇಬಲ್ ಇಡಿ, ಕಳಿಸಬೇಕಾದ ಹಾಜರಿಗಳ ಚೀಲ ಅಂದುಕೊಳ್ಳಿ. ಕೋಚ್ ಟಿಕ್ ಹಾಕಿದ ತಕ್ಷಣ ಅದು ಚೀಲಕ್ಕೆ ಬೀಳಲಿ, ಸ್ಕ್ರೀನ್ ಅಲ್ಲಿಂದಲೇ ತೋರಿಸಲಿ. ನೆಟ್ ಬಂದಾಗ ಒಂದೊಂದಾಗಿ ಕಳಿಸಿ, ಸರ್ವರ್ ಸರಿ ಅಂದ ಮೇಲೆ ಚೀಲದಿಂದ ತೆಗೆಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಕಳಿಸಿದ್ದು ತಲುಪಿ, ಉತ್ತರ ವಾಪಸ್ ಬರುವಷ್ಟರಲ್ಲಿ ನೆಟ್ ಹೋದರೆ ಫೋನು ಅದನ್ನೇ ಮತ್ತೆ ಕಳಿಸುತ್ತದೆ. ಒಬ್ಬ ಆಟಗಾರನಿಗೆ ಎರಡು ಹಾಜರಿ ಬಿತ್ತು. ಇದನ್ನು ತಪ್ಪಿಸಲು ಹಾಜರಿ ಟೇಬಲ್‌ನಲ್ಲಿ ಅಭ್ಯಾಸದ ಐಡಿ ಮತ್ತು ಆಟಗಾರನ ಐಡಿ ಎರಡೂ ಸೇರಿ ಯೂನಿಕ್ ಆಗಿರಲಿ, ಕಳಿಸುವಾಗ ಇನ್ಸರ್ಟ್ ಬದಲು ಅಪ್ಸರ್ಟ್ (ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು) ಮಾಡಿ. ಹತ್ತು ಸಲ ಕಳಿಸಿದರೂ ಒಂದೇ ಸಾಲು ಇರುತ್ತದೆ. ನಾನು ಹೇಳಿದ ಎಲ್ಲದರಲ್ಲಿ ಈ ಒಂದು ಪ್ಯಾರಾ ಮಾಡಿದರೂ ನಿಮ್ಮ ಆ್ಯಪ್ ಎಷ್ಟೋ ಗಟ್ಟಿಯಾಗುತ್ತದೆ.

ಪುಶ್ ನೋಟಿಫಿಕೇಶನ್ ಬಗ್ಗೆ ಚಿಕ್ಕದಾಗಿ: ಫೈರ್‌ಬೇಸ್ ಬಿಟ್ಟೆವು ಅಂದರೂ ಅದರ ಪ್ರಾಜೆಕ್ಟ್ ಅಳಿಸಬೇಡಿ. ಆ್ಯಂಡ್ರಾಯ್ಡ್ ಫೋನಿಗೆ ಪುಶ್ ಕಳಿಸಲು ಎಲ್ಲರೂ ಬಳಸುವುದು ಗೂಗಲ್‌ನ ಎಫ್‌ಸಿಎಂ ದಾರಿಯನ್ನೇ. ಆ್ಯಪ್‌ರೈಟ್‌ನ ಮೆಸೇಜಿಂಗ್ ಕೂಡ ಹಿಂದಿನಿಂದ ಅದನ್ನೇ ಬಳಸುತ್ತದೆ. ಎಫ್‌ಸಿಎಂಗೆ ದುಡ್ಡಿಲ್ಲ, ಫೈರ್‌ಸ್ಟೋರ್ ಓದಿನ ಲೆಕ್ಕಕ್ಕೂ ಅದು ಸೇರುವುದಿಲ್ಲ.

ಲೈಸೆನ್ಸ್ ವಿಷಯದಲ್ಲಿ ನಿಮಗೆ ಚಿಂತೆ ಇಲ್ಲ. ಸೂಪಾಬೇಸ್ ಅಪಾಚೆ 2.0, ಆ್ಯಪ್‌ರೈಟ್ ಬಿಎಸ್‌ಡಿ, ಪಾಕೆಟ್‌ಬೇಸ್ ಎಂಐಟಿ. ಮೂರೂ ಧಾರಾಳ ಲೈಸೆನ್ಸ್‌ಗಳು. ಆದರೆ ಬೇರೆ ಹೆಸರು ಯಾರಾದರೂ ಹೇಳಿದಾಗ ಒಮ್ಮೆ ಲೈಸೆನ್ಸ್ ಫೈಲ್ ತೆರೆದು ನೋಡಿ. ಕೋಡ್ ಕಾಣುತ್ತದೆ ಅಂದ ಮಾತ್ರಕ್ಕೆ ಓಪನ್ ಸೋರ್ಸ್ ಆಗುವುದಿಲ್ಲ. ಡೈರೆಕ್ಟಸ್ ಅನ್ನುವ ಬ್ಯಾಕೆಂಡ್ 2023ರಲ್ಲಿ ಬಿಎಸ್‌ಎಲ್ ಅನ್ನುವ ನಿರ್ಬಂಧದ ಲೈಸೆನ್ಸ್‌ಗೆ ಬದಲಾಯಿತು, ದೊಡ್ಡ ಸಂಸ್ಥೆಗಳು ಅದಕ್ಕೆ ದುಡ್ಡು ಕೊಡಬೇಕಾಯಿತು. ರೆಡಿಸ್ ಅನ್ನುವ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಹಳೆಯ ಬಿಎಸ್‌ಡಿ ಬಿಟ್ಟಾಗ, ಕೆಲವೇ ದಿನಗಳಲ್ಲಿ ಅದೇ ಕೋಡ್‌ನಿಂದ ವಾಲ್ಕಿ ಅಂತ ಇನ್ನೊಂದು ಕವಲು ಹುಟ್ಟಿತು. ಹಳೆಯ ಲೈಸೆನ್ಸ್ ಧಾರಾಳವಾಗಿದ್ದದ್ದರಿಂದ ಹಾಗೆ ಕವಲೊಡೆಯಲು ಆಯಿತು. ಗ್ರಾಫ್‌ಕ್ಯೂಎಲ್ (ಎಪಿಐಗೆ ಪ್ರಶ್ನೆ ಕೇಳುವ ಇನ್ನೊಂದು ಭಾಷೆ) ಇಷ್ಟ ಇದ್ದರೆ ಎನ್‌ಹೋಸ್ಟ್ ಅನ್ನೂ ನೋಡಬಹುದು, ಅದು ಪೋಸ್ಟ್‌ಗ್ರೆಸ್ ಮೇಲೆ ಹಸುರಾ ಅನ್ನುವ ಗ್ರಾಫ್‌ಕ್ಯೂಎಲ್ ಸಾಫ್ಟ್‌ವೇರ್ ಇಟ್ಟು ಕಟ್ಟಿದ್ದು. ನಿಮ್ಮ ಆ್ಯಪ್‌ಗೆ ಅದರಿಂದ ಜಾಸ್ತಿ ಲಾಭ ನನಗೆ ಕಾಣಲಿಲ್ಲ.

ಬದಲಾಯಿಸುವುದು ಹೇಗೆ ಅಂದರೆ, ಈಗಲೇ ಎಲ್ಲವನ್ನೂ ಸಾಗಿಸಲು ಹೋಗಬೇಡಿ. ಮೊದಲು ಫೈರ್‌ಸ್ಟೋರ್‌ನ ಆ ಸ್ಕ್ರೀನ್ ಸರಿ ಮಾಡಿ, ಖರ್ಚಿನ ಗಡಿಬಿಡಿ ನಿಲ್ಲಲಿ. ಆಮೇಲೆ ಸೂಪಾಬೇಸ್‌ನಲ್ಲಿ ಒಂದು ಪ್ರಾಜೆಕ್ಟ್ ಮಾಡಿ ಬಳಕೆದಾರ, ತಂಡ, ಸದಸ್ಯ, ಅಭ್ಯಾಸ, ಹಾಜರಿ, ಪಂದ್ಯ ಅಂತ ಆರು ಟೇಬಲ್ ಹಾಕಿ. ಕೋಚ್ ಕೇಳುವ ಆ ಪ್ರಶ್ನೆಯನ್ನು ಎಸ್‌ಕ್ಯೂಎಲ್‌ನಲ್ಲಿ ಬರೆದು ನೋಡಿ. ಬರೆಯಲು ಖುಷಿಯಾದರೆ ಮುಂದುವರಿಯಿರಿ. ತಲೆ ಕೆಟ್ಟುಹೋದರೆ ಆ್ಯಪ್‌ರೈಟ್‌ಗೆ ಹೋಗಿ, ವರದಿಗಳನ್ನು ಫಂಕ್ಷನ್‌ನಲ್ಲಿ ಮಾಡಿಕೊಳ್ಳಿ, ಅದೇನು ಅವಮಾನ ಅಲ್ಲ. ಪಾಸ್‌ವರ್ಡ್‌ಗಳನ್ನು ಸಾಗಿಸುವ ಬಗ್ಗೆ ಓದುತ್ತಾ ಕೂರಬೇಡಿ. 50 ಜನ ತಾನೇ, ಎಲ್ಲರಿಗೂ ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಕಳಿಸಿ.

ಒಂದು ಡಂಪ್ ತೆಗೆದು ನಿಮ್ಮ ಲ್ಯಾಪ್‌ಟಾಪ್‌ನ ಪೋಸ್ಟ್‌ಗ್ರೆಸ್‌ಗೆ ಹಾಕಿ, ತೆರೆಯುತ್ತದಾ ನೋಡಿ. ಪಾಲಿಸಿಗಳನ್ನು ಬರೆದ ಮೇಲೆ ಎರಡು ಸುಳ್ಳು ತಂಡ, ಎರಡು ಖಾತೆ ಮಾಡಿ. ಎರಡನೇ ಖಾತೆಯಿಂದ ಲಾಗಿನ್ ಆಗಿ ಮೊದಲ ತಂಡದ ಹಾಜರಿ ಕೇಳಿ. ಆಮೇಲೆ ಲಾಗಿನ್ ಇಲ್ಲದೆ, ಬರೀ ಸಾರ್ವಜನಿಕ ಕೀ ಇಟ್ಟುಕೊಂಡು ಅದನ್ನೇ ಕೇಳಿ. ಎರಡು ಸಲವೂ ಖಾಲಿ ಪಟ್ಟಿ ಬರಬೇಕು. ಒಂದು ಸಾಲು ಬಂದರೂ ಅವತ್ತು ಬೇರೆ ಎಲ್ಲಾ ಕೆಲಸ ಬದಿಗಿಡಿ.